ಅಕ್ಕನ ಬುದ್ಧಿ ಹಲ್ಲು



ಇದನ್ನು ಓದುವ ಮುಂಚೆ ಒಂದು ಸಲ ನಾಲಿಗೆಯಿಂದ ನಿಮ್ಮ ಹಲ್ಲುಗಳನ್ನು ಎಣಿಸಿಕೊಳ್ಳಿ. ಬಾಯಿ ಮುಚ್ಚಿಕೊಂಡೇ ಎಣಿಸಬಹುದು, ಪಕ್ಕದಲ್ಲಿ ನಿಂತಿರುವವರಿಗೂ ಗೊತ್ತಾಗುವುದಿಲ್ಲ. ನಾನು ಎಣಿಸಿದಾಗ 28 ಬಂತು. ನಮ್ಮ ತರಗತಿಯವರಿಗೆಲ್ಲಾ ಹೆಚ್ಚು ಕಡಿಮೆ ಅಷ್ಟೇ ಇರುತ್ತವೆ. ಆದರೆ ಪುಸ್ತಕದಲ್ಲಿ ಮನುಷ್ಯನಿಗೆ 32 ಹಲ್ಲು ಎಂದು ಬರೆದಿದೆ. ಉಳಿದ 4 ಹಲ್ಲು ಎಲ್ಲಿ ಹೋದವು ಎಂದರೆ ಎಲ್ಲೂ ಹೋಗಿಲ್ಲ, ದವಡೆಯ ಒಳಗೇ ಬೆಳೆಯುತ್ತಾ ಕೂತಿವೆ. ಸಾಮಾನ್ಯವಾಗಿ 17ರಿಂದ 25 ವರ್ಷದ ಒಳಗೆ ಬಾಯಿಯ ನಾಲ್ಕು ಮೂಲೆಗಳಲ್ಲಿ ಹೊರಗೆ ಬರುತ್ತವೆ. ಅಷ್ಟು ಹೊತ್ತಿಗೆ ಬುದ್ಧಿ ಬಂದಿರುತ್ತದೆ ಅಂತ ಅವಕ್ಕೆ ಬುದ್ಧಿ ಹಲ್ಲು ಎಂದು ಹೆಸರು. ಕೆಲವರಿಗೆ ಅವು ಹುಟ್ಟುವುದೇ ಇಲ್ಲವಂತೆ. ಹಾಗಾದರೆ ಅವರಿಗೆ ಬುದ್ಧಿ? ಎಂದು ಕೇಳಿದ್ದಕ್ಕೆ ವಿಜ್ಞಾನದ ಮೇಷ್ಟ್ರು ನಕ್ಕುಬಿಟ್ಟರು, ಉತ್ತರ ಹೇಳಲಿಲ್ಲ.

ನಾನು ಬರೆಯುತ್ತಿರುವುದು ನನ್ನ ಹಲ್ಲಿನ ವಿಷಯ ಅಲ್ಲ, ನಮ್ಮ ಅಕ್ಕನದು. ಅಕ್ಕನಿಗೆ ಈಗ 20 ವರ್ಷ. ಪಿಯುಸಿ ಮುಗಿಸಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ನಿಮ್ಮಲ್ಲಿ ಕೆಲವರ ಲಂಗ ಅವಳೇ ಹೊಲಿದಿದ್ದು. ಅವಳಿಗೆ ಎಡಗಡೆ ಕೆಳದವಡೆಯ ಕೊನೆಯಲ್ಲಿ ನೋವು ಶುರುವಾಗಿ ಒಂದು ವರ್ಷವೇ ಆಗಿತ್ತು. ಬರುವುದು, ನಾಲ್ಕು ದಿನ ಇರುವುದು, ಹೋಗುವುದು. ಹೋದಾಗ ಎಲ್ಲರೂ ಮರೆಯುವುದು. ಈ ಸಲ ಮಾತ್ರ ಕೆನ್ನೆ ಊದಿ ಒಂದು ಕಡೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಆಯಿತು. ಬಾಯಿ ಎರಡು ಬೆರಳು ಅಗಲ ಕೂಡ ತೆರೆಯುತ್ತಿರಲಿಲ್ಲ. ಮುದ್ದೆಯನ್ನು ಅಗಿಯಬೇಕಾಗಿಲ್ಲ, ನುಂಗಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ನುಂಗಬೇಕಾದರೂ ಬಾಯಿ ಬಿಡಬೇಕಲ್ಲ! ಎರಡು ದಿನ ಅಕ್ಕ ಬರೀ ರಾಗಿ ಗಂಜಿ ಕುಡಿದಳು.

ಅಜ್ಜಿ ಅದು ಹಲ್ಲಿನ ಹುಳ ಅಂದರು. ಅದಕ್ಕೇ ಹುಳುಕು ಹಲ್ಲು ಅನ್ನೋದು ಅಂತ ಅವರ ಸಾಕ್ಷಿ. ಮನೆ ತುಂಬಾ ಹುಳ ಸಾಕಿರೋರಿಗೆ ಹಲ್ಲಲ್ಲಿ ಒಂದು ಹುಳ ಹೆಚ್ಚಾ ಅಂತ ಅಪ್ಪ ತಮಾಷೆ ಮಾಡಿದರು, ಅಕ್ಕ ನಗೋಕೆ ಹೋಗಿ ನೋವಿಗೆ ಕೆನ್ನೆ ಹಿಡಿದುಕೊಂಡಳು. (ಹಲ್ಲಿನಲ್ಲಿ ಹುಳ ಇರುವುದಿಲ್ಲ ಎಂದು ಫ್ರಾನ್ಸ್ ದೇಶದ ಪಿಯರ್ ಫೋಷಾರ್ ಎಂಬ ದಂತವೈದ್ಯ 1728ರಲ್ಲೇ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ನಮ್ಮ ಅಜ್ಜಿಗೆ ಆ ಸುದ್ದಿ ಇನ್ನೂ ಬಂದಿಲ್ಲ.) ಅಜ್ಜಿ ಮೊದಲು ಲವಂಗ ಇಟ್ಟರು. ಅದು ಒಸಿ ಹೊತ್ತು ತಡೆಯಿತು. ಲವಂಗದ ಎಣ್ಣೆಗೆ ಮರಗಟ್ಟಿಸುವ ಗುಣ ಇದೆ, ಹಲ್ಲಿನ ಡಾಕ್ಟರುಗಳೂ ಅದನ್ನು ಬಳಸುತ್ತಾರೆ. ಆಮೇಲೆ ಅಜ್ಜಿ ಹೊಗೆಸೊಪ್ಪು ಇಟ್ಟುಕೊಳ್ಳಲು ಹೇಳಿದರು. ಅದಕ್ಕೆ ಅವ್ವ ಒಳಗಿನಿಂದಲೇ ಕೂಗಿದಳು, "ಹೊಗೆಸೊಪ್ಪು ಮುಟ್ಟಿದ ಕೈಲಿ ಸೊಪ್ಪು ಮುಟ್ಟಿದ್ರೆ ಹುಳ ಎಲ್ಲಾ ಸತ್ತೋಯ್ತವೆ ಕನವ್ವ!" ಹುಳು ಸಾಕುವ ಮನೆಯಲ್ಲಿ ಹೊಗೆಸೊಪ್ಪು ವಿಷ ಎಂಬುದು ನಿಮಗೆಲ್ಲಾ ಗೊತ್ತೇ ಇದೆ.

ಕೊನೆಗೆ ಅಪ್ಪ ಕೊಳ್ಳೇಗಾಲದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಎಕ್ಸ್‌ರೇ ತೆಗೆದು, ಊತ ಇಳಿಯಲು 5 ದಿನದ ಮಾತ್ರೆ ಕೊಟ್ಟು, ಇದು ನೆಟ್ಟಗೆ ನಿಂತ ಹಲ್ಲಲ್ಲ, ಅಡ್ಡ ಮಲಗಿ ಮುಂದಿನ ಹಲ್ಲಿಗೆ ತಲೆ ಗುದ್ದುತ್ತಿದೆ, ಹೀಗೇ ಬಿಟ್ಟರೆ ಆ ಒಳ್ಳೆಯ ಹಲ್ಲೂ ಕೆಡುತ್ತದೆ, ಮೈಸೂರಿಗೆ ಹೋಗಿ ಚಿಕ್ಕ ಆಪರೇಷನ್ ಮಾಡಿಸಿ ಎಂದರು. ಆಪರೇಷನ್ ಎಂಬ ಮಾತು ಹಿಡಿದುಕೊಂಡು ಅಪ್ಪ ಊರಿಗೆ ಬಂದರು. ಚಿಕ್ಕ ಎಂಬ ಮಾತು ದಾರಿಯಲ್ಲೇ ಬಿದ್ದುಹೋಯಿತು ಅಂತ ನನಗೆ ಅನ್ನಿಸುತ್ತೆ.

ಅವತ್ತಿನಿಂದ ನಮ್ಮ ಜಗಲಿಗೆ ಜನ ಬರಲು ಶುರುವಾಯಿತು. ಬಂದವರೆಲ್ಲಾ ಮೊದಲು "ಹೆದರ್ಕೋಬೇಡ ಕನ ಮಗ" ಅನ್ನುವರು. ಆಮೇಲೆ ಹೆದರಿಕೆಯ ಒಂದು ಕಥೆ ಹೇಳುವರು. ಒಬ್ಬರಿಗೆ ರಕ್ತ ನಿಲ್ಲಲೇ ಇಲ್ಲವಂತೆ. ಇನ್ನೊಬ್ಬರಿಗೆ ಬಾಯಿ ಸೊಟ್ಟಗಾಯಿತಂತೆ, ಮದುವೆಯಾಗದ ಹುಡುಗಿಗೆ ಹಂಗಾದರೆ ಏನು ಗತಿ ಅಂತೆ. ನಮ್ಮ ಅಜ್ಜಿಯದು ಮಾತ್ರ ನಿಜವಾದ ಕಥೆ. ಅಜ್ಜಿ ಸಣ್ಣ ವಯಸ್ಸಿನಲ್ಲಿ ಮಾದಪ್ಪನ ಬೆಟ್ಟದ ಜಾತ್ರೆಯಲ್ಲಿ ಹಲ್ಲು ಕೀಳುವವನ ಹತ್ತಿರ ಕೀಳಿಸಿಕೊಂಡರಂತೆ. ಸೂಜಿ ಇಲ್ಲ, ಔಷಧಿ ಇಲ್ಲ, ನೆಲದ ಮೇಲೆ ಕೂರಿಸಿ ಇಬ್ಬರು ಭುಜ ಹಿಡಿದುಕೊಂಡರಂತೆ. "ಆ ಕಿರುಚಾಟ ಬೆಟ್ಟದ ಮೇಲಿದ್ದ ಮಾದಪ್ಪಂಗೂ ಕೇಳ್ತು" ಅಂತ ಅಜ್ಜಿ ಈಗ ನಗುತ್ತಾರೆ.

ಆದರೆ ಅಕ್ಕನ ಮನಸ್ಸಿಗೆ ಹೊಕ್ಕಿದ್ದು ಇವು ಯಾವುದೂ ಅಲ್ಲ. ನಮ್ಮ ಬೀದಿಯ ಒಬ್ಬ ಅಜ್ಜಿ ಎದ್ದು ಹೋಗುವಾಗ ಸೆರಗು ಸರಿಮಾಡಿಕೊಳ್ಳುತ್ತಾ, "ದವಡೆ ಹಲ್ಲು ಕಿತ್ರೆ ಕಣ್ಣು ಮಂಜಾಯ್ತದೆ, ಕಣ್ಣಿನ ನರ ಅಲ್ಲೇ ಅದೆ" ಎಂದುಬಿಟ್ಟರು. ಅಕ್ಕ ಏನೂ ಮಾತಾಡಲಿಲ್ಲ. ಅವತ್ತು ರಾತ್ರಿ ಹೊಲಿಗೆ ಮಿಷನ್ನಿನ ಮುಂದೆ ಕೂತು ಒಂದು ಕಣ್ಣು ಮುಚ್ಚಿ ಸೂಜಿಗೆ ದಾರ ಪೋಣಿಸಿದಳು. ಆಮೇಲೆ ದಾರ ಎಳೆದು ತೆಗೆದು ಇನ್ನೊಂದು ಕಣ್ಣು ಮುಚ್ಚಿ ಪೋಣಿಸಿದಳು. ನಾನು ಓದಿಕೊಳ್ಳುತ್ತಿದ್ದವಳು ನೋಡುತ್ತಲೇ ಇದ್ದೆ. ಅವಳ ಸಂಪಾದನೆ ಅಂದರೆ ಕಣ್ಣು ಮತ್ತು ಬೆರಳು. ಮಿಷನ್ನಿನ ಸಾಲದ ಕಂತು ಇನ್ನೂ ಬಾಕಿ ಇದೆ.

ಮೈಸೂರಿನಲ್ಲಿರುವ ನಮ್ಮ ಸೋದರಮಾವ ಅಲ್ಲಿಯ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ ದಿನ ಗೊತ್ತು ಮಾಡಿದರು. ಸುತ್ತೂರು ಮಠದವರ ಸಂಸ್ಥೆಯ ಈ ಕಾಲೇಜು 1986ರಲ್ಲಿ ಶುರುವಾಯಿತು. ಹತ್ತು ದಿನ ಆದ ಮೇಲೆ ಬನ್ನಿ ಎಂದರು. ಆ ಹತ್ತು ದಿನ ಇದೆಯಲ್ಲಾ, ಅದು ಹಲ್ಲು ನೋವಿಗಿಂತ ಕಷ್ಟ. ಮಾತ್ರೆಯಿಂದ ಊತ ಇಳಿದಿತ್ತು, ನೋವೂ ಇರಲಿಲ್ಲ. ನೋವಿದ್ದಾಗ ಯಾವಾಗ ಕೀಳುತ್ತಾರೋ ಅನ್ನುತ್ತಿದ್ದ ಅಕ್ಕ, ನೋವು ಹೋದ ಮೇಲೆ ಈಗ ಯಾಕೆ ಕೀಳಿಸಬೇಕು, ಇನ್ನೊಂದು ಸಲ ಬಂದಾಗ ನೋಡೋಣ ಎಂದು ಶುರು ಮಾಡಿದಳು. ಊಟ ಕಡಿಮೆ ಮಾಡಿದಳು. ಸುಮ್ಮನೆ ತಲೆ ಎತ್ತಿ ಸೂರು ನೋಡುತ್ತಾ ಕೂರುವಳು. ಅಜ್ಜಿ ಅವಳನ್ನು ನೋಡಿ, "ನಿಮ್ಮಕ್ಕನೂ ಜ್ವರಕ್ಕೆ ಕೂತವ್ಳೆ" ಅಂದರು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುವುದಕ್ಕೆ ನಾವು ಜ್ವರ ಅನ್ನುತ್ತೇವಲ್ಲ, ಹಾಗೆ.

ಅದೇ ಸಮಯಕ್ಕೆ ನಮ್ಮ ಮನೆಯ ಹುಳುಗಳು ನಾಲ್ಕನೇ ಜ್ವರ ಎದ್ದವು. ಲೆಕ್ಕ ಹಾಕಿದರೆ ಮೈಸೂರಿನ ದಿನ, ಜ್ವರ ಎದ್ದ ಆರನೇ ದಿನಕ್ಕೆ ಬಂತು. ಜ್ವರ ಎದ್ದ ಮೇಲೆ ಏಳೆಂಟು ದಿನ ಹುಳು ಹಗಲು ರಾತ್ರಿ ತಿನ್ನುತ್ತದೆ. ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಈ ದಿನಗಳಲ್ಲೇ. ಆಮೇಲೆ ಹಣ್ಣಾದರೆ ತಕ್ಷಣ ಆರಿಸಿ ಚಂದ್ರಿಕೆಗೆ ಬಿಡಬೇಕು, ತಡವಾದರೆ ನೂಲೆಲ್ಲಾ ಹಾಳು. ಅಪ್ಪ ಸೊಪ್ಪು ಕೊಯ್ಯಬೇಕು, ಅವ್ವ ಹಾಕಬೇಕು. ಇಬ್ಬರಲ್ಲಿ ಒಬ್ಬರು ಒಂದು ದಿನ ಹೋದರೂ ಬೆಳೆ ಕೈ ಬಿಡುತ್ತದೆ. ದಿನ ಮುಂದೆ ಹಾಕಿಸೋಣ ಎಂದರೆ ಮತ್ತೆ ಊದಿಕೊಂಡರೆ ಏನು ಮಾಡುವುದು? ಅವ್ವ ಮೂರು ಸಲ ಹೋಗುತ್ತೇನೆ ಅಂದಳು, ಮೂರು ಸಲ ಹೋಗಲ್ಲ ಅಂದಳು, ಕೊನೆಗೆ ಅಳುತ್ತಾ ಸೊಪ್ಪು ಹಾಕಲು ಹೋದಳು. ಅಪ್ಪ ನನ್ನ ಕಡೆ ನೋಡಿದರು. "ನೀನು ಹೋಗ್ತೀಯಾ? ಮಾವ ಅಲ್ಲಿ ಇರ್ತಾರೆ" ಅಂದರು. ನಾನು ಹೂಂ ಅಂದೆ. ಹೂಂ ಅಂದ ಮೇಲೆ ಹೊಟ್ಟೆಯಲ್ಲಿ ಏನೋ ಕದಡಿದ ಹಾಗೆ ಆಯಿತು. ಹಲ್ಲು ಅವಳದ್ದು, ಭಯ ಮಾತ್ರ ಇಬ್ಬರಿಗೂ ಅರ್ಧ ಅರ್ಧ.

ಹಿಂದಿನ ರಾತ್ರಿ ಹುಳುಗಳು ಸೊಪ್ಪು ತಿನ್ನುವ ಶಬ್ದ, ಜೋರು ಮಳೆ ಬಂದ ಹಾಗೆ. ಅದಕ್ಕೆ ನಮಗೆ ಯಾವತ್ತೂ ನಿದ್ದೆ ಕೆಡುವುದಿಲ್ಲ. ಅವತ್ತು ಇಬ್ಬರಿಗೂ ನಿದ್ದೆ ಇಲ್ಲ. ಕತ್ತಲಲ್ಲಿ ಅಕ್ಕ ಪಿಸುಮಾತಿನಲ್ಲಿ, ಯಾರ ಯಾರ ಜಾಕೀಟು ಯಾವ ಕವರಿನಲ್ಲಿದೆ, ಯಾರು ಎಷ್ಟು ದುಡ್ಡು ಕೊಡಬೇಕು, ಅವಳ ಪಾಸ್ ಪುಸ್ತಕ ಎಲ್ಲಿದೆ ಎಲ್ಲಾ ಹೇಳಿದಳು. ಯಾಕೆ ಹೇಳ್ತಿದ್ದೀಯ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಅವ್ವ ಅರಿಶಿನದ ಬಟ್ಟೆಯಲ್ಲಿ ಮಾದಪ್ಪನಿಗೆ ಮುಡಿಪು ಕಟ್ಟಿ ದೇವರ ಮುಂದೆ ಇಟ್ಟಿದ್ದಳು. ಅದನ್ನು ನೋಡಿ ನನಗೆ ಇನ್ನೂ ಹೆಚ್ಚು ಭಯವಾಯಿತು, ಮುಡಿಪು ಕಟ್ಟುವಷ್ಟು ದೊಡ್ಡದಾ ಇದು ಅಂತ.

ಬೆಳಗ್ಗೆ ಮೊದಲ ಬಸ್ಸಿಗೆ ಕೊಳ್ಳೇಗಾಲ, ಅಲ್ಲಿಂದ ಮೈಸೂರು ಬಸ್ಸು. 2023ರ ಜೂನ್ ತಿಂಗಳಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ನಮಗಿಬ್ಬರಿಗೂ ಟಿಕೆಟ್ಟಿಗೆ ದುಡ್ಡಿಲ್ಲ, ಆಧಾರ್ ಕಾರ್ಡು ತೋರಿಸಿದೆವು. ನರಸೀಪುರದ ಸೇತುವೆ ಮೇಲೆ ಅಕ್ಕ ಕಿಟಕಿಯಿಂದ ಹೊಳೆಗೆ ಒಂದು ರೂಪಾಯಿ ಎಸೆದಳು. ನಾನು ಯಾಕೆ ಎಂದು ಕೇಳಲಿಲ್ಲ, ನಾನೂ ಮನಸ್ಸಿನಲ್ಲೇ ಕೈಮುಗಿದೆ.

ಆಸ್ಪತ್ರೆಯಲ್ಲಿ ಸಾಲಾಗಿ ಕುರ್ಚಿಗಳು, ಬಿಳಿ ಕೋಟು ಹಾಕಿದ ಕಲಿಯುವ ಅಕ್ಕಂದಿರು, ಅಣ್ಣಂದಿರು. ಮೊದಲು ಬಿಪಿ, ರಕ್ತ ನೋಡಿದರು. ಇನ್ನೊಂದು ಎಕ್ಸ್‌ರೇ ತೆಗೆದರು. ಅದು ಭಾರಿ ಮಜಾ ಇದೆ. ನಾವು ನಿಂತಿರಬೇಕು, ಮಿಷನ್ನೇ ತಲೆಯ ಸುತ್ತ ಸುತ್ತಿ ಬರುತ್ತದೆ. ಆಮೇಲೆ ಬಾಯಿಯ ಹಲ್ಲೆಲ್ಲಾ ಒಂದೇ ಚಿತ್ರದಲ್ಲಿ ಸಾಲಾಗಿ ಕಾಣುತ್ತವೆ. ಅಕ್ಕನ ಹಲ್ಲು ನಿಜವಾಗಿಯೂ ಅಡ್ಡ ಮಲಗಿತ್ತು, ಬೆಂಚಿನ ಮೇಲೆ ಮಲಗಿ ಮುಂದಿನವನನ್ನು ತಳ್ಳುವ ಹುಡುಗನ ಹಾಗೆ.

ಅಲ್ಲೊಬ್ಬರು ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಮಾತಾಡಿದರು. ನನಗೆ ಆಶ್ಚರ್ಯ ಆಗಿದ್ದು ಏನೆಂದರೆ, ಹತ್ತು ದಿನದಲ್ಲಿ ನಮ್ಮ ಜಗಲಿಗೆ ಬಂದವರೆಲ್ಲಾ ಹೆದರಬೇಡ ಎಂದಿದ್ದರು, ಇವರು ಒಂದು ಸಲವೂ ಅನ್ನಲಿಲ್ಲ. "ನಿನಗೆ ಯಾವುದರ ಭಯ ಹೇಳು" ಎಂದು ಕೇಳಿದರು. ಅಕ್ಕ ಸುಮ್ಮನಿದ್ದಳು. ನಾನು ಹೇಳಿದೆ, "ಕಣ್ಣಿಂದು ಮೇಡಂ. ಅಕ್ಕ ಬಟ್ಟೆ ಹೊಲಿತಾಳೆ."

ಅವರು ನಗಲಿಲ್ಲ. ಚೀಟಿಯ ಹಿಂದೆ ಒಂದು ಮುಖ ಬರೆದರು. ನೋಟ ಕೊಡುವ ನರ ಕಣ್ಣಿನ ಹಿಂಭಾಗದಿಂದ ಸೀದಾ ಮೆದುಳಿಗೆ ಹೋಗುತ್ತದೆ, ಹಲ್ಲಿನ ಹತ್ತಿರ ಬರುವುದೇ ಇಲ್ಲ. ಮುಖದ ಮುಟ್ಟುವ ಅರಿವಿಗೆ ಬೇರೆ ನರ ಇದೆ, ಅದಕ್ಕೆ ಮೂರು ಕವಲು. ಒಂದು ಹಣೆ, ಕಣ್ಣಿನ ಸುತ್ತಿಗೆ, ಒಂದು ಮೇಲ್ದವಡೆಗೆ, ಒಂದು ಕೆಳದವಡೆಗೆ. ಅದಕ್ಕೇ ಹಲ್ಲು ನೋಯುವಾಗ ಕಿವಿ, ಕಣ್ಣಿನ ಸುತ್ತ ಎಲ್ಲಾ ಸಿಡಿಯುತ್ತದೆ, ಹಳೇ ಕಾಲದವರು ಅದನ್ನು ನೋಡಿ ಕಣ್ಣಿನ ನರ ಅಂದುಕೊಂಡಿರಬಹುದು ಎಂದರು. ಬೀದಿಯ ಅಜ್ಜಿಯನ್ನೂ ಅವರು ಬೈಯಲಿಲ್ಲ, ಅದು ನನಗೆ ಇಷ್ಟವಾಯಿತು.

ಆಮೇಲೆ ನಿಜವಾದ ಅಪಾಯ ಹೇಳಿದರು. ಕೆಳದವಡೆಯ ಮೂಳೆಯೊಳಗೆ ಒಂದು ಕೊಳವೆಯಲ್ಲಿ ತುಟಿ, ಗಲ್ಲಕ್ಕೆ ಹೋಗುವ ನರ ಇದೆ, ನಿನ್ನ ಹಲ್ಲಿನ ಬೇರು ಅದಕ್ಕೆ ಹತ್ತಿರ ಇದೆ. ಕೆಲವರಿಗೆ ಕೆಲವು ವಾರ ತುಟಿ ಜೋಮು ಹಿಡಿದ ಹಾಗೆ ಇರುತ್ತದೆ. ತುಂಬಾ ಅಪರೂಪಕ್ಕೆ ಹಾಗೇ ಉಳಿಯುವುದೂ ಉಂಟು. ಅದು ಮುಟ್ಟಿದ್ದು ತಿಳಿಯುವ ನರ, ತುಟಿ ಆಡಿಸುವ ನರ ಬೇರೆ, ಅದಕ್ಕೇ ಬಾಯಿ ಸೊಟ್ಟಗಾಗುವುದಿಲ್ಲ. ಸೂಜಿ ಚುಚ್ಚುವಾಗ ನೋವಾಗುತ್ತದೆ, ಹತ್ತು ಎಣಿಸು. ಐದತ್ತು ನಿಮಿಷಕ್ಕೆ ತುಟಿ ದಪ್ಪ ಆದ ಹಾಗೆ ಅನ್ನಿಸುತ್ತದೆ, ಆದರೆ ದಪ್ಪ ಆಗಿರುವುದಿಲ್ಲ. ಒತ್ತಿದ್ದು ಗೊತ್ತಾಗುತ್ತದೆ, ಶಬ್ದ ಜೋರಾಗಿ ಕೇಳುತ್ತದೆ, ನೋವು ಗೊತ್ತಾಗಬಾರದು. ಗೊತ್ತಾದರೆ ಎಡಗೈ ಎತ್ತು, ನಿಲ್ಲಿಸಿ ಇನ್ನೊಂದು ಸೂಜಿ ಕೊಡುತ್ತೇವೆ.

ಅಪಾಯ ಕೇಳಿದ ಮೇಲೆ ಅಕ್ಕ ಎದ್ದು ಮನೆಗೆ ಹೋಗೋಣ ಅನ್ನುತ್ತಾಳೆ ಅಂದುಕೊಂಡೆ. ಅವಳು ಆ ಚೀಟಿಯನ್ನು ತನ್ನ ಕಡೆ ತಿರುಗಿಸಿಕೊಂಡು ಕೊಳವೆಯ ಮೇಲೆ ಬೆರಳಿಟ್ಟು, "ಇದಾ ಮೇಡಂ?" ಎಂದು ಕೇಳಿದಳು. ಆಮೇಲೆ ಕನ್ನಡದಲ್ಲಿದ್ದ ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಸಹಿ ಮಾಡಿದಳು. ಹತ್ತು ದಿನದ ಮೇಲೆ ಅವಳ ಗಂಟಲಿನಿಂದ ಸರಿಯಾದ ದನಿ ಬಂದಿದ್ದು ಆಗಲೇ.

ನನ್ನನ್ನು ಹೊರಗೆ ಕೂರಿಸಿದರು. ಮಾವ ಇನ್ನೂ ಬಂದಿರಲಿಲ್ಲ. ಕೈಯಲ್ಲಿ ಅಕ್ಕನ ಓಲೆ, ವೇಲು, ಮೊಬೈಲು. ಗಡಿಯಾರದಲ್ಲಿ 10 ಗಂಟೆ 50 ನಿಮಿಷ. ಒಳಗಿಂದ ಡ್ರಿಲ್ಲಿನ ಶಬ್ದ ಬಂದಾಗಲೆಲ್ಲಾ ನಾನು ನನ್ನ ಎಡಗೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ, ಅದು ಎದ್ದರೆ ಅವಳದ್ದೂ ಎದ್ದುಬಿಡುತ್ತೆ ಅನ್ನುವ ಹಾಗೆ. ಹೊರಡುವ ಹಿಂದಿನ ದಿನ ವಿಜ್ಞಾನದ ಮೇಷ್ಟ್ರು ಹೇಳಿದ್ದನ್ನು ನೆನಪು ಮಾಡಿಕೊಂಡೆ. ಅಮೆರಿಕದಲ್ಲಿ ಹೊರೇಸ್ ವೆಲ್ಸ್ ಎಂಬ ಹಲ್ಲಿನ ಡಾಕ್ಟರು 1844ರ ಡಿಸೆಂಬರಿನಲ್ಲಿ ನಗೆ ಅನಿಲ ಕುಡಿದು ತನ್ನದೇ ಹಲ್ಲನ್ನು ಇನ್ನೊಬ್ಬರಿಂದ ಕೀಳಿಸಿಕೊಂಡು, ನೋವಾಗುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಿದನಂತೆ. ಈಗ ಸೂಜಿಯಲ್ಲಿ ಕೊಡುವ ಲಿಗ್ನೋಕೇನ್ ಔಷಧಿಯನ್ನು 1943ರಲ್ಲಿ ಸ್ವೀಡನ್ ದೇಶದಲ್ಲಿ ಕಂಡುಹಿಡಿದರಂತೆ. ಜಾತ್ರೆಯಲ್ಲಿ ಅಜ್ಜಿಯ ಭುಜ ಹಿಡಿದಾಗ ಈ ಔಷಧಿ ಲೋಕದಲ್ಲಿ ಇದ್ದಿರಬೇಕು, ಅಜ್ಜಿಯ ತನಕ ಬಂದಿರಲಿಲ್ಲ ಅಷ್ಟೇ.

ಅವ್ವ ಮೂರು ಸಲ ಫೋನು ಮಾಡಿದಳು. ಮೊದಲ ಸಲ, "ಆಯ್ತಾ?" ಎರಡನೇ ಸಲ, "ಆಯ್ತಾ? ಹುಳ ಅಲ್ಲೊಂದು ಇಲ್ಲೊಂದು ಹಣ್ಣಾಯ್ತಾ ಅವೆ." ಮೂರನೇ ಸಲ ಏನೂ ಕೇಳಲಿಲ್ಲ, ಸುಮ್ಮನೆ ಉಸಿರು ಮಾತ್ರ ಕೇಳಿಸಿತು, ಹಿಂದೆ ಹುಳು ತಿನ್ನುವ ಮಳೆ ಶಬ್ದ. ನಾನೂ ಮಾತಾಡದೆ ಫೋನು ಹಿಡಿದುಕೊಂಡಿದ್ದೆ.

11 ಗಂಟೆ 40ಕ್ಕೆ ಅಕ್ಕ ಹೊರಗೆ ಬಂದಳು. ನಡೆದುಕೊಂಡೇ ಬಂದಳು! ಬಾಯಲ್ಲಿ ಬಟ್ಟೆ ಕಚ್ಚಿಕೊಂಡಿದ್ದಳು, ಕಣ್ಣಿನಲ್ಲಿ ನೀರಿತ್ತು. ಮಾತಾಡುವ ಹಾಗಿಲ್ಲ. ನನ್ನ ಕೈಯಿಂದ ನೋಟ್‌ಬುಕ್ಕು ಕಿತ್ತುಕೊಂಡು "ಕೈ ಎತ್ತಲಿಲ್ಲ" ಎಂದು ಬರೆದು ತೋರಿಸಿದಳು. ಅದರ ಕೆಳಗೆ "ಶಬ್ದ ಮಾತ್ರ ಥೂ" ಎಂದು ಬರೆದಳು. ಆ ಹಾಳೆ ನನ್ನ ಹತ್ತಿರ ಇದೆ.

ನಿಮ್ಮ ಮನೆಯಲ್ಲೂ ಯಾರಿಗಾದರೂ ಬೇಕಾಗಬಹುದು, ಅದಕ್ಕೆ ಅವರು ಹೇಳಿದ್ದನ್ನು ಬರೆಯುತ್ತೇನೆ. ಬಟ್ಟೆಯನ್ನು ಒಂದು ಗಂಟೆ ಕಚ್ಚಿಕೊಂಡಿರಬೇಕು. ಅವತ್ತು ಉಗಿಯಬಾರದು, ಮುಕ್ಕಳಿಸಬಾರದು, ಕೊಳವೆ ಹಾಕಿ ಏನೂ ಹೀರಬಾರದು, ಹಾಗೆ ಮಾಡಿದರೆ ಗಾಯದಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದು ಮೂಳೆ ಬಯಲಾಗಿ ವಿಪರೀತ ನೋವಾಗುತ್ತದೆ. ಅವತ್ತು ಹೊರಗಿನಿಂದ ಐಸು ಇಡಬೇಕು, ತಣ್ಣನೆಯ ಮೆತ್ತನೆ ಊಟ. ಮಾರನೇ ದಿನದಿಂದ ಉಗುರುಬೆಚ್ಚನೆಯ ಉಪ್ಪುನೀರು. ಎರಡು ಮೂರನೇ ದಿನ ಊತ ಹೆಚ್ಚಾಗುತ್ತದೆ, ಅದಕ್ಕೆ ಗಾಬರಿಯಾಗಬಾರದು. ಮಾವ ಬಂದವರು ಐಸ್‌ಕ್ರೀಮು ಕೊಡಿಸಿದರು. ಅಕ್ಕನಿಗೆ ಔಷಧಿ, ನನಗೆ ಯಾಕೆ ಎಂದು ಯಾರೂ ಕೇಳಲಿಲ್ಲ, ನಾನೂ ಎರಡು ತಿಂದೆ.

ಸಂಜೆ ಊರಿಗೆ ಬಂದು ಇಳಿದಾಗ ಅವ್ವ ಬಸ್‌ಸ್ಟ್ಯಾಂಡಿಗೆ ಬರಲಿಲ್ಲ, ಬರುವ ಹಾಗೂ ಇರಲಿಲ್ಲ. ಮನೆಗೆ ಹೋದರೆ ಹುಳು ಗುಂಪು ಗುಂಪಾಗಿ ಹಣ್ಣಾಗಿದ್ದವು. ಅವ್ವ ಅಕ್ಕನ ಮುಖ ಎರಡೂ ಕೈಯಲ್ಲಿ ಹಿಡಿದು ನೋಡಿದಳು, ಅವಳ ಬೆರಳಿನಲ್ಲಿ ಸೊಪ್ಪಿನ ವಾಸನೆ. ಅಕ್ಕನನ್ನು ಮಲಗಲು ಹೇಳಿ ನಾವೆಲ್ಲಾ ರಾತ್ರಿ ಒಂದು ಗಂಟೆ ತನಕ ಹುಳು ಆರಿಸಿ ಚಂದ್ರಿಕೆಗೆ ಬಿಟ್ಟೆವು. ಅರ್ಧ ಆದಾಗ ತಿರುಗಿ ನೋಡಿದರೆ ಅಕ್ಕ ಕೆನ್ನೆಗೆ ಟವೆಲ್ಲು ಕಟ್ಟಿಕೊಂಡು ನನ್ನ ಪಕ್ಕ ಕೂತು ಹುಳು ಆರಿಸುತ್ತಿದ್ದಳು. ಅವ್ವ ಬೈದಳು, ಅವಳು ಏಳಲಿಲ್ಲ.

ಮೂರನೇ ದಿನ ಡಾಕ್ಟರಮ್ಮ ಹೇಳಿದ ಹಾಗೇ ಮುಖ ಚೆನ್ನಾಗಿ ಊದಿತು. ಬೀದಿಯ ಅಜ್ಜಿ ಬಂದು ನೋಡಿ ತಲೆ ಅಲ್ಲಾಡಿಸಿದರು. ಅಕ್ಕ ಅವರ ಮುಂದೆಯೇ ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ಅಜ್ಜಿ, "ಈಗ ಸರಿ, ಮುಂದಕ್ಕೆ ನೋಡಬೇಕು" ಅಂದುಕೊಂಡು ಎದ್ದು ಹೋದರು. ಏಳನೇ ದಿನ ಹೊಲಿಗೆ ಬಿಚ್ಚಿಸಲು ಅಪ್ಪ ಕರೆದುಕೊಂಡು ಹೋದರು. ತುಟಿಯ ಎಡಗಡೆ ಒಂದು ಹೆಸರುಕಾಳಿನಷ್ಟು ಜಾಗ ಎರಡು ವಾರ ಜೋಮು ಇತ್ತು, ಆಮೇಲೆ ಅದೂ ಹೋಯಿತು.

ಹಾಲು ಹಲ್ಲು ಬಿದ್ದರೆ ಸಗಣಿಯಲ್ಲಿಟ್ಟು ಸೂರಿನ ಮೇಲೆ ಎಸೆಯುತ್ತೇವಲ್ಲ, ಅಕ್ಕನ ಹಲ್ಲನ್ನೂ ಎಸೆಯೋಣ ಎಂದು ನಾನು ಕೇಳಿದ್ದೆ. ಆದರೆ ಅದನ್ನು ತುಂಡು ಮಾಡಿ ತೆಗೆದರಂತೆ, ಸಿಕ್ಕಲಿಲ್ಲ. ಮತ್ತೆ ಹುಟ್ಟಲಿ ಎಂದು ಎಸೆಯೋದು, ಇದು ಮತ್ತೆ ಹುಟ್ಟೋದು ಯಾರಿಗೆ ಬೇಕು ಎಂದು ಅಪ್ಪ ಅಂದರು.

ಬಲಗಡೆಯದೂ ಅದೇ ರೀತಿ ಅಡ್ಡ ಮಲಗಿದೆ, ಅದನ್ನೂ ತೆಗೆಸಬೇಕು. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ತಾನೇ ಒಂದು ದಿನಕ್ಕೆ ಪೆನ್ನಿನಿಂದ ಸುತ್ತು ಹಾಕಿದ್ದಾಳೆ. ಆಗ ಮುಂದಿನ ಬೆಳೆಯ ಹುಳು ಇನ್ನೂ ಚಾಕಿಯಲ್ಲಿರುತ್ತವೆ, ಅವ್ವನೂ ಬರಬಹುದು. ಆದರೂ ಅಕ್ಕ ನನಗೆ ನೋಟ್‌ಬುಕ್ಕು ತಗೊಂಡು ಬಾ ಅಂದಿದ್ದಾಳೆ.

— 7ನೇ ತರಗತಿಯ ವಿದ್ಯಾರ್ಥಿನಿ, ಮಧುವನಹಳ್ಳಿ